ಕೆಲಸದ ಮೇಲೆ ಕಡಲೂರಿಗೆ ಹೋದಾಗ ಸಿಗುವ ಎರಡು ಸಂಜೆ: ನೀವು ಹೇಗೆ ನಡೆಯುತ್ತೀರಿ?

ಮುಸ್ಸಂಜೆ

ವರ್ಷಕ್ಕೆ ಐದಾರು ಸಲ ಆಫೀಸಿನ ಕೆಲಸದ ಮೇಲೆ ಬೇರೆ ಊರಿಗೆ ಹೋಗುತ್ತೇನೆ. ಅದು ಕಡಲೂರಾದರೆ, ಅಂದರೆ ಸಮುದ್ರ ಇರುವ ಊರಾದರೆ, ಖುಷಿ ಜಾಸ್ತಿ. ಆದರೆ ಸಮಯ ಎಲ್ಲಿರುತ್ತದೆ? ಬೆಳಗ್ಗೆ 9ಕ್ಕೆ ಮೀಟಿಂಗ್ ಶುರುವಾದರೆ ಸಂಜೆ 6ರವರೆಗೆ ಕಿಟಕಿಯಿಂದ ಹೊರಗೆ ನೋಡಲೂ ಪುರುಸೊತ್ತಿಲ್ಲ. ಎರಡು ರಾತ್ರಿ ಉಳಿದರೆ ನಮ್ಮ ಪಾಲಿಗೆ ಉಳಿಯುವುದು ಎರಡು ಸಂಜೆ, ಎರಡು ಬೆಳಗು.

ಕಳೆದ ವಾರದ ಪ್ರಯಾಣದಲ್ಲಿ ನನಗೊಂದು ವಿಷಯ ಮನಸ್ಸಿಗೆ ಬಂತು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಮೊದಲ ಸಂಜೆ ನನ್ನ ಹತ್ತಿರ ಒಂದು ಪಟ್ಟಿ ಇತ್ತು. ನೋಡಲೇಬೇಕಾದ ಏಳು ಜಾಗ. ಫೋನ್ ಹಿಡಿದು ಒಂದರಿಂದ ಒಂದಕ್ಕೆ ಓಡಿದೆ. ಸುಮಾರು 11 ಕಿ.ಮೀ. ನಡೆದೆ. ಏಳರಲ್ಲಿ ಐದು ನೋಡಿದೆ. ರಾತ್ರಿ ಮಲಗುವಾಗ ಕಣ್ಣ ಮುಂದೆ ಬಂದದ್ದು ಫೋನಿನ ನೀಲಿ ಗೆರೆ ಮಾತ್ರ.

ಎರಡನೇ ಸಂಜೆ ಪಟ್ಟಿ ಬಿಟ್ಟುಬಿಟ್ಟೆ. ರೂಮಿನಿಂದ ಇಳಿದು ನೀರಿನ ಅಂಚು ಹಿಡಿದೆ. ಹಳೇ ಬಂದರಿನ ಗೋಡೆಯವರೆಗೆ 2 ಕಿ.ಮೀ. ಹೋದೆ, ಅದೇ ದಾರಿಯಲ್ಲಿ ವಾಪಸ್ ಬಂದೆ. ಮರುದಿನ ಬೆಳಗ್ಗೆ ಹೊರಡುವ ಮೊದಲು ಮತ್ತೆ ಅದೇ ದಾರಿ. ಸಂಜೆ ಎದೆಗೆ ಬಡಿಯುತ್ತಿದ್ದ ಗಾಳಿ ಬೆಳಗ್ಗೆ ಬೆನ್ನ ಹಿಂದಿನಿಂದ, ಊರಿನ ಕಡೆಯಿಂದ ಬರುತ್ತಿತ್ತು. ಹಡಗು ಕಟ್ಟುವ ಕಬ್ಬಿಣದ ಗೂಟಗಳನ್ನು ಸಂಜೆ ಸುಮ್ನೆ ದಾಟಿ ಹೋಗಿದ್ದೆ. ಬೆಳಗ್ಗೆ ಓರೆ ಬಿಸಿಲು ಬಿದ್ದಾಗ ಅದರ ಕುತ್ತಿಗೆಯಲ್ಲಿ ಹಗ್ಗ ಉಜ್ಜಿ ಉಜ್ಜಿ ಬಿದ್ದ ಗೀರುಗಳು ಕಂಡವು. ಬೆರಳು ಇಟ್ಟರೆ ಒಳಗೆ ಕೂರುವಷ್ಟು ಆಳ. ಎಷ್ಟು ವರ್ಷದ ಹಗ್ಗ ಇರಬೇಕು!

ನನ್ನ ಮಾತು ಇಷ್ಟೇ. ಸಮಯ ಕಡಿಮೆ ಇದ್ದಾಗ ಹೆಚ್ಚು ಜಾಗ ನೋಡಲು ಹೋಗಬೇಡಿ. ಒಂದು ಚಿಕ್ಕ ದಾರಿ ಆರಿಸಿಕೊಂಡು ಅದನ್ನೇ ಎರಡು ಸಲ, ಬೇರೆ ಬೇರೆ ಹೊತ್ತಿನಲ್ಲಿ ನಡೆಯಿರಿ. ಕಡಲೂರಿಗೆ ಇದು ವಿಶೇಷವಾಗಿ ಸರಿ, ಯಾಕೆಂದರೆ ಅಲ್ಲಿ ನೀರು, ಗಾಳಿ, ಬೆಳಕು ಮೂರೂ ದಿನಕ್ಕೆ ಹಲವು ಸಲ ಬದಲಾಗುತ್ತವೆ. ನೀವೆಲ್ಲ ಹೇಗೆ ಮಾಡುತ್ತೀರಿ?

ಗಂಟುಮೂಟೆ

ಚೆನ್ನಾಗಿ ಬರೆದಿದ್ದೀರಿ. ಆದರೆ ನಾನು ಒಪ್ಪುವುದಿಲ್ಲ.

ನನ್ನ ಕೆಲಸ ಹೇಗೆಂದರೆ ಒಂದು ಊರಿಗೆ ಒಂದು ಸಲ ಹೋದರೆ ಮತ್ತೆ ಹೋಗುವ ಯೋಗ ಬರುವುದೇ ಕಡಿಮೆ. ಹಾಗಿರುವಾಗ ಇಡೀ ಊರು ಬಿಟ್ಟು 2 ಕಿ.ಮೀ. ಅಂಚನ್ನೇ ತಿರುಗಾಡಲು ಮನಸ್ಸು ಒಪ್ಪುವುದಿಲ್ಲ. ಕೋಟೆ ಇದ್ದರೆ ಕೋಟೆ ನೋಡಬೇಕು, ಹಳೇ ಪೇಟೆ ಇದ್ದರೆ ಪೇಟೆ ನೋಡಬೇಕು. ಪಟ್ಟಿ ಮಾಡುವುದು ತಪ್ಪಲ್ಲ. ಏಳು ಬರೆದದ್ದು ಜಾಸ್ತಿಯಾಯಿತು ಅಷ್ಟೇ. ಮೂರು ಬರೆಯಬೇಕಿತ್ತು.

ಭೂಪಟ

ಇಬ್ಬರ ಮಾತಿನಲ್ಲೂ ಹುರುಳಿದೆ. ಆದರೆ ಯಾವ 2 ಕಿ.ಮೀ. ಎನ್ನುವುದು ಮುಖ್ಯ. ಸರಿಯಾದ ತುಂಡು ಆರಿಸಿಕೊಂಡರೆ ಅದರಲ್ಲೇ ಊರಿನ ಅರ್ಧ ಕಥೆ ಸಿಗುತ್ತದೆ.

ನಾನು ಹೋಗುವ ಮೊದಲು ಭೂಪಟದಲ್ಲಿ ಅಳಿವೆ ಎಲ್ಲಿದೆ ಎಂದು ನೋಡುತ್ತೇನೆ. ಅಂದರೆ ಹೊಳೆ ಬಂದು ಕಡಲಿಗೆ ಸೇರುವ ಜಾಗ. ತುಂಬಾ ಕಡಲೂರುಗಳು ಹುಟ್ಟಿದ್ದೇ ಅಲ್ಲಿ. ಹಡಗಿಗೆ ಅಲೆಯಿಂದ ಮರೆ ಸಿಗುತ್ತಿತ್ತು, ಒಳನಾಡಿನ ಸರಕು ಹೊಳೆಯಲ್ಲಿ ತೇಲಿಕೊಂಡು ಬರುತ್ತಿತ್ತು, ಕುಡಿಯಲು ಸಿಹಿನೀರು ಹತ್ತಿರವಿತ್ತು. ಅಲ್ಲಿಂದ ಹೊರಟರೆ ಹಳೇ ಗೋದಾಮು, ಸುಂಕದ ಕಟ್ಟೆ, ಹಳೇ ದೇವಸ್ಥಾನ, ಚರ್ಚು, ಮಸೀದಿ ಎಲ್ಲವೂ ನಡೆಯುವ ದೂರದಲ್ಲೇ ಇರುತ್ತವೆ. ಹೊರೆ ಹೊತ್ತು ನಡೆಯುವವರ ಕಾಲಳತೆಗೆ ಕಟ್ಟಿದ ಬೀದಿಗಳು ಅವು.

ಇನ್ನೊಂದು ವಿಷಯ. ಇವತ್ತು ನಾವು ಆರಾಮಾಗಿ ನಡೆಯುವ ಎಷ್ಟೋ ದಕ್ಕೆಗಳು, ಅಂದರೆ ಹಡಗು ನಿಲ್ಲುವ ಕಟ್ಟೆಗಳು, ಕೆಲವು ದಶಕಗಳ ಹಿಂದೆ ಕ್ರೇನು, ಮೂಟೆ, ಲಾರಿಗಳಿಂದ ತುಂಬಿದ್ದವು. ಅದು ಬದಲಾಗಲು ದೊಡ್ಡ ಕಾರಣ ಕಂಟೇನರ್. 1956ರ ಏಪ್ರಿಲ್‌ನಲ್ಲಿ 'ಐಡಿಯಲ್ ಎಕ್ಸ್' ಎಂಬ ಹಡಗು 58 ಕಂಟೇನರ್ ಹೊತ್ತು ಅಮೆರಿಕದ ನ್ಯೂವಾರ್ಕ್‌ನಿಂದ ಹ್ಯೂಸ್ಟನ್‌ಗೆ ಹೋಯಿತು. ಅಲ್ಲಿಂದ ಮುಂದೆ ಹಡಗುಗಳು ದೊಡ್ಡದಾಗುತ್ತಾ ಹೋದವು. ಅವುಗಳಿಗೆ ಆಳವಾದ ನೀರು ಬೇಕು, ಕಂಟೇನರ್ ಪೇರಿಸಲು ನೂರಾರು ಎಕರೆ ಜಾಗ ಬೇಕು. ಊರಿನ ನಡುವಿನ ಹಳೇ ದಕ್ಕೆಗಳಲ್ಲಿ ಇವೆರಡೂ ಇರಲಿಲ್ಲ. ಬಂದರು ಊರಾಚೆಗೆ ಹೋಯಿತು. ಖಾಲಿ ಬಿದ್ದ ಜಾಗ ನಿಧಾನಕ್ಕೆ ಜನರಿಗೆ ಸಿಕ್ಕಿತು. ಲಂಡನ್ನಿನ ರಾಯಲ್ ಡಾಕ್ಸ್ 1981ರಲ್ಲಿ ಸರಕು ಹಡಗುಗಳಿಗೆ ಮುಚ್ಚಿತು. ಬಾರ್ಸಿಲೋನಾ 1992ರ ಒಲಿಂಪಿಕ್ಸ್ ಹೊತ್ತಿಗೆ ತನ್ನ ಕಡಲಂಚನ್ನು ಹೊಸದಾಗಿ ಕಟ್ಟಿಕೊಂಡಿತು.

ಹಾಗಾಗಿ ನೀರಿನ ಪಕ್ಕ ನೆಲದಲ್ಲಿ ಹೂತುಹೋದ ಹಳಿ, ಎತ್ತರದ ಬಾಗಿಲಿನ ಉದ್ದನೆ ಕಟ್ಟಡ ಕಂಡರೆ ಸ್ವಲ್ಪ ನಿಲ್ಲಿ. ಮುಸ್ಸಂಜೆ ಅವರು ಮುಟ್ಟಿದ ಗೂಟ ಕೂಡ ಆ ಕಾಲದ್ದೇ ಇರಬಹುದು.

ತೆರೆ

ಮುಸ್ಸಂಜೆ ಅವರೇ, ನಿಮ್ಮ ಮಾತು ನನಗೆ ತುಂಬಾ ಹಿಡಿಸಿತು. ಆದರೆ ಅದರಲ್ಲಿ ಒಂದು ಲೆಕ್ಕ ತಪ್ಪಿದೆ. ನೀವು ಗಾಳಿಯ ಬದಲಾವಣೆ ನೋಡಿದ್ದೀರಿ, ಬೆಳಕಿನದ್ದೂ ನೋಡಿದ್ದೀರಿ. ನೀರಿನದ್ದು ನೋಡಿಲ್ಲ ಅನ್ನಿಸುತ್ತದೆ.

ಹೆಚ್ಚಿನ ಕರಾವಳಿಗಳಲ್ಲಿ ಒಂದು ಉಬ್ಬರದಿಂದ ಮುಂದಿನ ಉಬ್ಬರಕ್ಕೆ ಸುಮಾರು 12 ಗಂಟೆ 25 ನಿಮಿಷ. ಸಂಜೆ 6.30ಕ್ಕೆ ನೀರು ತುಂಬಿತ್ತು ಅಂದುಕೊಳ್ಳಿ. ಮುಂದಿನ ಉಬ್ಬರ ಬೆಳಗ್ಗೆ 7ರ ಹತ್ತಿರ. ಅಂದರೆ ಸಂಜೆ ನಡೆದು, ಮರುದಿನ ಬೆಳಗ್ಗೆ ಅದೇ ಹೊತ್ತಿಗೆ ನಡೆದರೆ ನಿಮಗೆ ಕಾಣುವುದು ಅದೇ ಮಟ್ಟದ ನೀರು! ನಡುವೆ ಅದು ಇಳಿದು ಮತ್ತೆ ಏರಿದ್ದು ನೀವು ಮಲಗಿದ್ದಾಗ ನಡೆದುಹೋಗಿರುತ್ತದೆ.

ಕಡಲೂರನ್ನು ನಿಜವಾಗಿ ಎರಡು ರೂಪದಲ್ಲಿ ನೋಡಬೇಕಾದರೆ ಎರಡು ನಡಿಗೆಗಳ ನಡುವೆ 6 ಗಂಟೆ ಅಂತರ ಇರಬೇಕು. ಕೆಲಸಕ್ಕೆ ಹೋದವರಿಗೆ ಅದು ಮಧ್ಯಾಹ್ನದ ಊಟದ ಬಿಡುವಿಗೆ ಬರುತ್ತದೆ. 15 ನಿಮಿಷ ಸಾಕು, ಓಡಿಹೋಗಿ ನೋಡಿ ಬರಬಹುದು.

ಅದೂ ಆಗದಿದ್ದರೆ ಇನ್ನೊಂದು ದಾರಿ ಇದೆ. ನೀರು ಆರು ಗಂಟೆಯೂ ಒಂದೇ ವೇಗದಲ್ಲಿ ಏರುವುದಿಲ್ಲ. ಒಟ್ಟು ಏರಿಕೆಯನ್ನು 12 ಪಾಲು ಮಾಡಿದರೆ ಮೊದಲ ಗಂಟೆಯಲ್ಲಿ 1 ಪಾಲು, ಎರಡನೇದರಲ್ಲಿ 2, ಮೂರು ಮತ್ತು ನಾಲ್ಕನೇ ಗಂಟೆಗಳಲ್ಲಿ 3-3, ಐದರಲ್ಲಿ 2, ಕೊನೆಯದರಲ್ಲಿ 1. ಹಡಗಿನವರು ಹಿಂದಿನಿಂದಲೂ ಬಳಸುವ ಅಂದಾಜು ಇದು. ನಡುವಿನ ಎರಡು ಗಂಟೆಯಲ್ಲೇ ಅರ್ಧ ನೀರು ಬಂದುಬಿಡುತ್ತದೆ. ಸಂಜೆ ಮೂರು ಗಂಟೆ ಬಿಡುವಿದ್ದು, ಅದು ಈ ನಡುವಿನ ಹೊತ್ತಿಗೆ ಬಿದ್ದರೆ, ಹೋಗುವಾಗ ಕಂಡ ಬಂಡೆ ಬರುವಾಗ ಇರುವುದಿಲ್ಲ.

ಹುಣ್ಣಿಮೆ, ಅಮಾವಾಸ್ಯೆ ಆಸುಪಾಸಿನಲ್ಲಿ ವ್ಯತ್ಯಾಸ ಜಾಸ್ತಿ. ಅಷ್ಟಮಿಯ ಸುತ್ತ ಕಡಿಮೆ. ಊರಿಂದ ಊರಿಗೂ ಬಹಳ ಬೇರೆ. ಕೆನಡಾದ ಫಂಡಿ ಕೊಲ್ಲಿಯಲ್ಲಿ ನೀರು 16 ಮೀಟರ್‌ವರೆಗೆ ಏರಿಳಿಯುತ್ತದೆ. ಮೆಡಿಟರೇನಿಯನ್ ತೀರದ ಹೆಚ್ಚಿನ ಊರುಗಳಲ್ಲಿ ಗಮನಕ್ಕೇ ಬಾರದಷ್ಟು ಸಣ್ಣದು. ಕೆಲವು ಕಡೆ ದಿನಕ್ಕೆ ಒಂದೇ ಉಬ್ಬರ. ಹಾಗಾಗಿ ಹೋಗುವ ಊರಿನ ಉಬ್ಬರವಿಳಿತದ ಪಟ್ಟಿಯನ್ನು ಮೊದಲೇ ನೋಡಿಕೊಳ್ಳಿ.

ಮುಸ್ಸಂಜೆ

ತೆರೆ ಅವರೇ, ಓದಿ ಎದ್ದು ಕೂತೆ. ಎರಡು ಸಲವೂ ಗೋಡೆಯ ಪಕ್ಕದ ಮೆಟ್ಟಿಲು ಒಂದೇ ಥರ ಒದ್ದೆಯಾಗಿದ್ದವು. ನೀರು ಎಲ್ಲಿತ್ತೋ ಅಲ್ಲೇ ಇತ್ತು. ಈ ಊರಿನಲ್ಲಿ ಕಡಲು ಹೆಚ್ಚು ಏರಿಳಿಯುವುದಿಲ್ಲ ಎಂದು ನಾನೇ ತೀರ್ಮಾನ ಮಾಡಿಕೊಂಡು ಬಂದಿದ್ದೆ!

ಈಗ ಆ ದಿನದ ಪಟ್ಟಿ ತೆಗೆದು ನೋಡಿದೆ. ಸಂಜೆಯೂ ಉಬ್ಬರ, ಬೆಳಗ್ಗೆಯೂ ಉಬ್ಬರ. ನಡುರಾತ್ರಿ ಪೂರ್ತಿ ಇಳಿದಿದೆ. ತುಂಬಾ ಧನ್ಯವಾದ. ಮುಂದಿನ ತಿಂಗಳು ಇನ್ನೊಂದು ಕಡಲೂರಿಗೆ ಹೋಗುವುದಿದೆ. ಈ ಸಲ ಪಟ್ಟಿ ನೋಡಿಯೇ ಹೊರಡುತ್ತೇನೆ.

ಬೆಳಗಿನಜಾವ

ಇಲ್ಲಿ ಎಲ್ಲರೂ ಸಂಜೆಯ ಬಗ್ಗೆಯೇ ಹೇಳುತ್ತಿದ್ದೀರಿ. ಒಬ್ಬಳೇ ಪ್ರಯಾಣ ಮಾಡುವ ನನಗೆ ಬೆಳಗೇ ಮೇಲು.

ಗುರುತಿಲ್ಲದ ಊರಿನಲ್ಲಿ ಕತ್ತಲಾದ ಮೇಲೆ ನೀರಿನ ಅಂಚಿನಲ್ಲಿ ನಡೆಯಲು ನನಗೆ ಧೈರ್ಯ ಬರುವುದಿಲ್ಲ. ದಾರಿಯ ಒಂದು ಪಕ್ಕ ಪೂರ್ತಿ ನೀರು. ಏನಾದರೂ ಅನುಮಾನ ಬಂದರೆ ಸರಿದು ಹೋಗಲು ಒಂದೇ ದಿಕ್ಕು ಉಳಿದಿರುತ್ತದೆ. ಗೋದಾಮು ಬೀದಿಗಳು ಕಚೇರಿ ಮುಚ್ಚಿದ ಮೇಲೆ ಖಾಲಿ. ಸಮಭಾಜಕಕ್ಕೆ ಹತ್ತಿರದ ಊರುಗಳಲ್ಲಿ ಸೂರ್ಯ ಮುಳುಗಿದ 20-25 ನಿಮಿಷಕ್ಕೆ ಕತ್ತಲೆ ಕವಿಯುತ್ತದೆ. ಉತ್ತರದ ದೇಶಗಳಲ್ಲಿ ಬೇಸಿಗೆಯಲ್ಲಾದರೆ ಮುಸ್ಸಂಜೆ ಗಂಟೆಗಟ್ಟಲೆ ಉಳಿಯುತ್ತದೆ. ಒಂದು ಊರಿನ ಅಂದಾಜು ಇನ್ನೊಂದಕ್ಕೆ ಆಗುವುದಿಲ್ಲ.

ನಾನು ಮಾಡುವುದು ಹೀಗೆ. ಹೋದ ದಿನ ಬೆಳಕಿರುವಾಗಲೇ ದಾರಿಯ ಮೊದಲ ಅರ್ಧ ಕಿ.ಮೀ. ನೋಡಿಕೊಳ್ಳುತ್ತೇನೆ. ಎಲ್ಲಿ ದೀಪ ಇದೆ, ಎಲ್ಲಿಂದ ಮುಖ್ಯರಸ್ತೆಗೆ ಸೇರಬಹುದು, ಎಲ್ಲಿ ಜನ ಇರುತ್ತಾರೆ. ಮರುದಿನ ಬೆಳಕು ಹರಿಯುವ ಹೊತ್ತಿಗೆ ಹೊರಟರೆ ಒಂದೂವರೆ ಗಂಟೆ ಸಿಗುತ್ತದೆ. ಆಗ ಓಡುವವರು, ನಾಯಿ ಕರೆದುಕೊಂಡು ಬಂದವರು, ದೋಣಿ ಕೆಲಸದವರು ಎಲ್ಲ ಇರುತ್ತಾರೆ. ಎಲ್ಲಿಗೆ ಹೋಗುತ್ತಿದ್ದೇನೆ ಎಂದು ಜೊತೆಯವರಲ್ಲಿ ಯಾರಿಗಾದರೂ ಒಂದು ಮೆಸೇಜ್ ಹಾಕಿರುತ್ತೇನೆ.

ಗಾಳಿಯ ಬಗ್ಗೆಯೂ ಹೇಳಬೇಕು. ಹಗಲು ನೆಲ ಬೇಗ ಕಾಯುತ್ತದೆ, ನೀರು ನಿಧಾನ. ನೆಲದ ಮೇಲಿನ ಬಿಸಿಗಾಳಿ ಮೇಲೇರಿದಾಗ ಆ ಜಾಗಕ್ಕೆ ಕಡಲಿನಿಂದ ತಂಪು ಗಾಳಿ ನುಗ್ಗುತ್ತದೆ. ಸುಮಾರು 10-11 ಗಂಟೆಗೆ ಶುರುವಾಗಿ ಮಧ್ಯಾಹ್ನ ಜೋರಾಗಿ ಸಂಜೆಗೆ ಕಮ್ಮಿಯಾಗುತ್ತದೆ. ರಾತ್ರಿ ತಿರುವುಮುರುವು, ನೆಲದಿಂದ ಕಡಲಿಗೆ ಬೀಸುತ್ತದೆ. ಮುಸ್ಸಂಜೆ ಅವರ ಬೆನ್ನಿಗೆ ಬೆಳಗ್ಗೆ ತಾಗಿದ್ದು ಈ ನೆಲಗಾಳಿಯೇ. ಎರಡರ ನಡುವೆ ಗಾಳಿ ಪೂರ್ತಿ ನಿಲ್ಲುವ ಒಂದು ಹೊತ್ತು ಇದೆ. ಸೆಕೆಯ ಊರಾದರೆ ಆಗ ಬೆವರು ಆರುವುದೇ ಇಲ್ಲ. ಅದು ಹೆಚ್ಚಾಗಿ ಸೂರ್ಯ ಮುಳುಗುವ ಹೊತ್ತಿಗೇ ಬರುತ್ತದೆ, ನಾವು ಮೀಟಿಂಗ್ ಮುಗಿಸಿ ಹೊರಬೀಳುವ ಹೊತ್ತು. ಬೆಳಗ್ಗೆ ನಡೆಯಲು ನನಗೆ ಅದೂ ಒಂದು ಕಾರಣ.

ಭೂಪಟ

ಗಾಳಿಯ ವಿಷಯ ಬಂದದ್ದು ಒಳ್ಳೆಯದಾಯಿತು. ದಾರಿ ತಪ್ಪಿದರೆ ಅದೇ ದಿಕ್ಸೂಚಿ. ಮಧ್ಯಾಹ್ನದಿಂದ ಸಂಜೆವರೆಗೆ ಯಾವ ಅಡ್ಡರಸ್ತೆಯಿಂದ ತಣ್ಣನೆ ಗಾಳಿ ಬರುತ್ತದೋ ಆ ಕಡೆ ಕಡಲು. ಇಳಿಜಾರು ಕೂಡ ಹೆಚ್ಚಾಗಿ ಅದನ್ನೇ ಹೇಳುತ್ತದೆ.

ಆದರೆ ನೆಲ ಚಪ್ಪಟೆಯಾಗಿ, ಬೀದಿಗಳು ಗೆರೆ ಎಳೆದ ಹಾಗೆ ನೇರವಾಗಿದ್ದರೆ ಅದು ಕಡಲನ್ನು ತುಂಬಿ ಮಾಡಿದ ಜಾಗ ಇರಬಹುದು. ಸಿಂಗಪುರದಲ್ಲಿ 'ಬೀಚ್ ರೋಡ್' ಎಂಬ ರಸ್ತೆ ಇದೆ. ಅಲ್ಲಿ ನಿಂತರೆ ಕಡಲು ಕಾಣುವುದಿಲ್ಲ. ಒಂದು ಕಾಲದಲ್ಲಿ ಅದೇ ತೀರವಾಗಿತ್ತು. ಹಾಂಗ್‌ಕಾಂಗ್‌ನ ಕ್ವೀನ್ಸ್ ರೋಡ್ ಕೂಡ ಹಾಗೇ. ಊರೊಳಗಿನ ಬೀದಿಯ ಹೆಸರಿನಲ್ಲಿ ದಕ್ಕೆ, ತೀರ, ಬಂದರು ಎಂದು ಕಂಡರೆ ಹಳೇ ನೀರಿನ ಗೆರೆ ಅಲ್ಲಿತ್ತು ಎಂದು ಊಹಿಸಬಹುದು. ಆ ಗೆರೆ ಹಿಡಿದು ನಡೆಯುವುದು ನನಗೆ ಬಹಳ ಇಷ್ಟ.

ಬರಿಗಾಲು

ಸಣ್ಣ ಪ್ರಶ್ನೆ. ಆಫೀಸಿನ ಶೂ, ಲ್ಯಾಪ್‌ಟಾಪ್ ಬ್ಯಾಗ್ ಇಟ್ಟುಕೊಂಡು ನೇರ ಕಡಲಿಗೆ ಹೋಗುವುದೋ, ರೂಮಿಗೆ ಹೋಗಿ ಬದಲಿಸಿ ಹೋಗುವುದೋ? ರೂಮಿಗೆ ಹೋದರೆ ಮತ್ತೆ ಹೊರಡುವ ಮನಸ್ಸೇ ಬರುವುದಿಲ್ಲ.

ಗಂಟುಮೂಟೆ

ಬದಲಿಸಿಯೇ ಹೋಗಿ. ಒಣ ಮರಳಿನ ಮೇಲೆ ನಡೆಯಲು ಗಟ್ಟಿ ನೆಲಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಶಕ್ತಿ ಬೇಕು. ಹೆಗಲಲ್ಲಿ ಲ್ಯಾಪ್‌ಟಾಪ್ ಇದ್ದರೆ ಅರ್ಧ ಗಂಟೆಗೇ ಸಾಕುಸಾಕಾಗುತ್ತದೆ. ಉಪ್ಪು ನೀರಿನ ತುಂತುರು ಲ್ಯಾಪ್‌ಟಾಪಿಗೂ ಒಳ್ಳೆಯದಲ್ಲ. ನಾನು ಒಂದು ಹಗುರ ಶೂವನ್ನು ಬ್ಯಾಗಿನ ತಳದಲ್ಲಿ ಯಾವಾಗಲೂ ಇಟ್ಟಿರುತ್ತೇನೆ. ರೂಮಿಗೆ ಬಂದರೆ ಕೂರುವುದಿಲ್ಲ, ನಿಂತೇ ಬದಲಿಸಿ ಹೊರಡುತ್ತೇನೆ.

ತೆರೆ

ಇಳಿತದ ಹೊತ್ತಾದರೆ ಒದ್ದೆ ಮರಳು ಅಗಲವಾಗಿ ಬಿಟ್ಟುಕೊಂಡಿರುತ್ತದೆ. ಅದು ಗಟ್ಟಿ, ನಡೆಯಲು ಸುಲಭ. ಆದರೆ ಒಂದು ಎಚ್ಚರ. ಬಂಡೆ ಸುತ್ತಿ ಆಚೆಗಿನ ಮರಳಿಗೆ ಹೋಗುವ ಮೊದಲು ನೀರು ಏರುತ್ತಿದೆಯೋ ಇಳಿಯುತ್ತಿದೆಯೋ ಗೊತ್ತಿರಬೇಕು. ವಾಪಸ್ ಬರುವ ದಾರಿ ಮುಚ್ಚಿಹೋದರೆ ಕಷ್ಟ. ಹಸಿರು ಪಾಚಿ ಇರುವ ಕಲ್ಲಿನ ಮೇಲೆ ಕಾಲಿಡಲೇಬೇಡಿ. ಅಲೆತಡೆ ಗೋಡೆಯ ತುದಿಯಲ್ಲಿ ನೆಲ ಒದ್ದೆಯಾಗಿದ್ದರೆ ಅಲೆ ಅಲ್ಲಿಯವರೆಗೆ ಬಂದು ಹೋಗಿದೆ ಎಂದೇ ಅರ್ಥ. ಹತ್ತು ನಿಮಿಷದಿಂದ ಬಂದಿಲ್ಲ ಎಂದು ಮುಂದೆ ಹೋಗಬೇಡಿ.

ನಿಧಾನ

ನನಗೆ ಮಂಡಿನೋವು. ಒಂದೇಟಿಗೆ ಒಂದು ಕಿ.ಮೀ. ಮೇಲೆ ನಡೆಯಲು ಆಗುವುದಿಲ್ಲ. ಈ ಚರ್ಚೆಯಲ್ಲಿ 11 ಕಿ.ಮೀ., 2 ಕಿ.ಮೀ. ಎಂದು ಓದುವಾಗ ನನಗೆ ಹೇಳಲು ಏನಿದೆ ಅನ್ನಿಸಿತ್ತು. ಆಮೇಲೆ ಹೇಳಲೇಬೇಕು ಅನ್ನಿಸಿತು.

ನಾನು 500 ಮೀಟರ್ ನಡೆಯುತ್ತೇನೆ. ಕೂರುತ್ತೇನೆ. ಮತ್ತೆ ನಡೆಯುತ್ತೇನೆ. ಕಡಲಂಚಿನ ದಾರಿ ಹೆಚ್ಚಾಗಿ ಸಮತಟ್ಟು, ಕೂರಲು ಕಟ್ಟೆಯೋ ಬೆಂಚೋ ಸಿಗುತ್ತದೆ. ಮಂಡಿಗೆ ಇದಕ್ಕಿಂತ ಒಳ್ಳೆಯ ನಡಿಗೆ ಇಲ್ಲ. ಕೂತಾಗ ನಾನು ಹಡಗು ಓದುತ್ತೇನೆ. ಹೌದು, ಹಡಗನ್ನು ಓದಬಹುದು!

ದಡಕ್ಕೆ ಕಟ್ಟಿದ ಸರಕು ಹಡಗಿನ ಪಕ್ಕೆಯ ನಡುಭಾಗ ನೋಡಿ. ಒಂದು ವೃತ್ತ, ಅದರ ನಡುವೆ ಅಡ್ಡಗೆರೆ ಇರುತ್ತದೆ. ಪಕ್ಕದಲ್ಲೇ ಏಣಿಯ ಹಾಗೆ ಸಣ್ಣ ಸಣ್ಣ ಗೆರೆಗಳು, ಅವುಗಳಿಗೆ ಇಂಗ್ಲಿಷ್ ಅಕ್ಷರಗಳು. ಹಡಗಿಗೆ ಎಷ್ಟು ಸರಕು ತುಂಬಬಹುದು ಎನ್ನುವ ಮಿತಿ ಅದು. ಯಾವ ನೀರಿನಲ್ಲಿ, ಯಾವ ಕಾಲದಲ್ಲಿ ಎಲ್ಲಿಯವರೆಗೆ ಮುಳುಗಬಹುದು ಎಂದು ಒಂದೊಂದು ಗೆರೆ ಹೇಳುತ್ತದೆ. ಬೇಸಿಗೆಗೆ ಒಂದು, ಚಳಿಗಾಲಕ್ಕೆ ಅದಕ್ಕಿಂತ ಕೆಳಗೆ ಒಂದು. ಸಿಹಿನೀರಿನ ಗೆರೆ ಮೇಲಿರುತ್ತದೆ, ಯಾಕೆಂದರೆ ಉಪ್ಪು ನೀರಿಗಿಂತ ಸಿಹಿನೀರಿನಲ್ಲಿ ಹಡಗು ಹೆಚ್ಚು ಮುಳುಗುತ್ತದೆ. ಹಿಂದೆ ಮಿತಿಮೀರಿ ತುಂಬಿದ ಹಡಗುಗಳು ಮುಳುಗಿ ಎಷ್ಟೋ ನಾವಿಕರು ಸಾಯುತ್ತಿದ್ದರು. ಬ್ರಿಟನ್ನಿನ ಸಂಸದ ಸ್ಯಾಮ್ಯುಯೆಲ್ ಪ್ಲಿಮ್ಸಾಲ್ ವರ್ಷಗಟ್ಟಲೆ ಹೋರಾಡಿದ ಮೇಲೆ 1876ರಲ್ಲಿ ಅಲ್ಲಿ ಈ ಗುರುತು ಕಡ್ಡಾಯವಾಯಿತು. ಇವತ್ತಿಗೂ ಅದನ್ನು ಪ್ಲಿಮ್ಸಾಲ್ ಗೆರೆ ಎನ್ನುತ್ತಾರೆ. ಆ ಗೆರೆ ಕಂಡಾಗಲೆಲ್ಲ ನನಗೆ ಮನಸ್ಸು ತುಂಬಿ ಬರುತ್ತದೆ.

ಕತ್ತಲಾದ ಮೇಲೆ ದೀಪಸ್ತಂಭ. ಅದರ ಮಿನುಗನ್ನು ಎಣಿಸಿ. ಎರಡು ಮಿನುಗು, ಆಮೇಲೆ ಕತ್ತಲೆ, ಮತ್ತೆ ಎರಡು. ಹತ್ತಿರದ ಇನ್ನೊಂದು ದೀಪಸ್ತಂಭಕ್ಕೆ ಬೇರೆ ಲೆಕ್ಕ. ದೂರದ ಹಡಗಿನವರು ಎಣಿಸಿ ನೋಡಿ 'ಓಹೋ, ಇಂಥ ಜಾಗ' ಎಂದು ತಿಳಿಯುತ್ತಾರೆ. ಅಷ್ಟು ದೂರ ಬೆಳಕು ಹೋಗುವುದು ಮಸೂರದ ಬಲದಿಂದ. ಫ್ರೆನೆಲ್ ಎಂಬ ವಿಜ್ಞಾನಿ ಕಂಡುಹಿಡಿದ ಮಸೂರವನ್ನು 1823ರಲ್ಲಿ ಫ್ರಾನ್ಸಿನ ಕಾರ್ಡುವಾನ್ ದೀಪಸ್ತಂಭಕ್ಕೆ ಮೊದಲು ಹಾಕಿದರು.

ಬಂದರಿನ ಬಾಯಲ್ಲಿ ಒಂದು ಕಡೆ ಕೆಂಪು, ಇನ್ನೊಂದು ಕಡೆ ಹಸಿರು ದೀಪ ಕಾಣುತ್ತದಲ್ಲ, ಅದು ಒಳಗೆ ಬರುವ ಹಡಗಿಗೆ ದಾರಿ. ಪ್ರಪಂಚದ ಹೆಚ್ಚಿನ ಕಡೆ ಒಳಬರುವಾಗ ಕೆಂಪು ಎಡಕ್ಕಿರಬೇಕು. ಅಮೆರಿಕ ಖಂಡಗಳು, ಜಪಾನ್, ಕೊರಿಯಾ, ಫಿಲಿಪ್ಪೀನ್ಸ್‌ನಲ್ಲಿ ಬಲಕ್ಕೆ. ಹೋದ ಊರಿನಲ್ಲಿ ಯಾವುದು ಎಂದು ನೋಡುವುದು ನನಗೆ ಮೊದಲ ರಾತ್ರಿಯ ಕೆಲಸ.

ಗಂಟುಮೂಟೆ

ನಿಧಾನ ಅವರೇ, ನಿಮ್ಮ ಬರಹ ಎರಡು ಸಲ ಓದಿದೆ. ಇಷ್ಟು ವರ್ಷ ಎಷ್ಟೋ ಬಂದರು ನೋಡಿದ್ದೇನೆ, ಆ ವೃತ್ತದ ಗೆರೆ ಏನೆಂದು ಯಾರನ್ನೂ ಕೇಳಿರಲಿಲ್ಲ. ಹಾದುಹೋಗುವವನಿಗೂ ಕೂರುವವರಿಗೂ ವ್ಯತ್ಯಾಸ ಇದೆ. ಒಪ್ಪಿದೆ.

ಆದರೂ ನನ್ನ ಒಂದು ಮಾತು ಉಳಿದಿದೆ. ಎಲ್ಲ ಊರಿನಲ್ಲೂ ನೀರಿನ ಅಂಚು ಕಾಲಿಗೆ ಸಿಗುವುದಿಲ್ಲ. ಕೆಲವು ಕಡೆ ಕಡಲಿಗೂ ಊರಿಗೂ ನಡುವೆ ಆರು ಸಾಲಿನ ಹೆದ್ದಾರಿ. ದಾಟಲು ಒಂದು ಕಿ.ಮೀ. ಸುತ್ತಬೇಕು. ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ಎಂಬಾರ್ಕಡೆರೊ ಎಂಬ ಎರಡಂತಸ್ತಿನ ಮೇಲ್ಸೇತುವೆ ರಸ್ತೆ ಊರಿನಿಂದ ಕಡಲನ್ನು ಮುಚ್ಚಿಬಿಟ್ಟಿತ್ತು. 1989ರ ಭೂಕಂಪದಲ್ಲಿ ಅದು ಹಾಳಾಯಿತು, 1991ರಲ್ಲಿ ಕೆಡವಲು ಶುರುಮಾಡಿದರು. ಈಗ ಅಲ್ಲಿ ಜನ ನಡೆಯುತ್ತಾರೆ. ಎಲ್ಲ ಊರಿಗೂ ಆ ಭಾಗ್ಯ ಬಂದಿಲ್ಲ. ಅಂಥ ಕಡೆ ನಾನು ಒಳಗಿನ ಹಳೇ ಪೇಟೆಯನ್ನೇ ನಡೆಯುತ್ತೇನೆ, ಕಡಲನ್ನು ಯಾವುದಾದರೂ ದಿಬ್ಬ ಹತ್ತಿ ನೋಡುತ್ತೇನೆ.

ತೆರೆ

ದಿಬ್ಬ ಹತ್ತುವುದು ಒಳ್ಳೆಯ ಮಾತು. ನೀರಿನ ಅಂಚಿನಲ್ಲಿ ನಿಂತವರಿಗೆ ಕಡಲಿನ ಅಂಚು ಸುಮಾರು 4.5 ಕಿ.ಮೀ. ದೂರ ಮಾತ್ರ. 30 ಮೀಟರ್ ಮೇಲೆ ಹೋದರೆ 20 ಕಿ.ಮೀ. ಹತ್ತಿರ ಆಗುತ್ತದೆ. ಒಳಗೆ ಬರಲು ಸರದಿ ಕಾಯುತ್ತಾ ಲಂಗರು ಹಾಕಿದ ಹಡಗುಗಳೆಲ್ಲ ಆಗ ಒಟ್ಟಿಗೆ ಕಾಣುತ್ತವೆ.

ದೋಣಿಮನೆ

ನಾನು ಹುಟ್ಟಿ ಬೆಳೆದದ್ದು ಮೀನುದೋಣಿಗಳ ದಕ್ಕೆಯ ಪಕ್ಕ. ನಡೆಯಲು ಬರುವವರನ್ನು ಚಿಕ್ಕಂದಿನಿಂದ ನೋಡಿದ್ದೇನೆ. ನೀವು ಬಂದರೆ ನಮಗೆ ಸಂತೋಷವೇ. ಆದರೆ ಕೆಲವು ಮಾತು ಕೇಳಿಕೊಳ್ಳುತ್ತೇನೆ.

ಒಣಗಲು ಹರಡಿದ ಬಲೆಯನ್ನು ದಾಟಬೇಡಿ, ಸುತ್ತಿ ಹೋಗಿ. ಚಪ್ಪಲಿಯ ಕೊಕ್ಕೆಗೆ ಒಂದು ಎಳೆ ಸಿಕ್ಕರೆ ಅದನ್ನು ಸರಿಮಾಡಲು ಒಬ್ಬರ ಅರ್ಧ ದಿನ ಹೋಗುತ್ತದೆ. ಬಿಗಿಯಾದ ಹಗ್ಗದ ನೇರಕ್ಕೆ ನಿಲ್ಲಬೇಡಿ. ಅದು ತುಂಡಾಗಿ ಹಾರಿದರೆ ಕಾಲು ಮುರಿಯುವಷ್ಟು ಜೋರು ಇರುತ್ತದೆ. ದೋಣಿ ದಡಕ್ಕೆ ಬಂದ ಮೊದಲ ಹೊತ್ತು ಯಾರಿಗೂ ಮಾತಾಡಲು ಬಿಡುವಿರುವುದಿಲ್ಲ. ಮೀನು ಇಳಿಸಿ ಮುಗಿದ ಮೇಲೆ ಕೇಳಿ, ಆಗ ಅವರೇ ಕರೆದು ಕೂರಿಸಿ ಹೇಳುತ್ತಾರೆ. ಫೋಟೋ ತೆಗೆಯುವ ಮೊದಲು ಮುಖ ನೋಡಿ ಕೇಳಿ. ರಾತ್ರಿಯೆಲ್ಲಾ ನಿದ್ದೆ ಇಲ್ಲದೆ ಬಂದವರು ಅವರು.

ದೊಡ್ಡ ಬಂದರಿನ ಬೇಲಿಯೊಳಗೆ ಹೋಗಲು ನೋಡಬೇಡಿ. 2004ರ ಜುಲೈಯಿಂದ ಹಡಗು ಮತ್ತು ಬಂದರುಗಳ ಭದ್ರತೆಗೆ ಅಂತರರಾಷ್ಟ್ರೀಯ ನಿಯಮ ಬಂದಿದೆ. ಆಮೇಲೆ ಎಲ್ಲ ಕಡೆ ಕಟ್ಟುನಿಟ್ಟು. ನೌಕಾಪಡೆಯ ಜಾಗದ ಹತ್ತಿರ ಫೋನ್ ಎತ್ತಲೇಬೇಡಿ.

ಬೆಳಗಿನಜಾವ

ಬಲೆಯ ವಿಷಯ ನನಗೆ ಗೊತ್ತಿರಲಿಲ್ಲ. ಹಿಂದೆ ಒಂದು ಕಡೆ ದಾಟಿದ್ದೇನೆ. ಇನ್ನು ದಾಟುವುದಿಲ್ಲ. ಹೇಳಿದ್ದು ಒಳ್ಳೆಯದಾಯಿತು.

ಮುಸ್ಸಂಜೆ

ಹೋಗಿ ಬಂದೆ! ಹುಣ್ಣಿಮೆಯ ಮರುದಿನವೇ ಪ್ರಯಾಣ ಬಿತ್ತು. ಪಟ್ಟಿ ನೋಡಿದೆ. ಮೊದಲ ಸಂಜೆ 6.10ಕ್ಕೆ ಪೂರ್ತಿ ಇಳಿತ, ಉಬ್ಬರ ನಡುರಾತ್ರಿ ದಾಟಿ. ವ್ಯತ್ಯಾಸ ಎರಡೂವರೆ ಮೀಟರ್.

6.30ಕ್ಕೆ ಹಳೇ ದಕ್ಕೆಯ ಕಲ್ಲಿನ ಮೆಟ್ಟಿಲ ಹತ್ತಿರ ನಿಂತು ಎಣಿಸಿದೆ. ನೀರಿನ ಮೇಲೆ 15 ಮೆಟ್ಟಿಲು. ಮೇಲಿನದು ಒಣ ಕಲ್ಲು. ಆಮೇಲೆ ಒಂದು ಕಪ್ಪು ಪಟ್ಟೆ, ಅದರ ಕೆಳಗೆ ಹಸಿರು ಪಾಚಿ, ಎಲ್ಲಕ್ಕಿಂತ ಕೆಳಗೆ ಕಲ್ಲಿಗೆ ಅಂಟಿಕೊಂಡ ಸಾವಿರಾರು ಚಿಪ್ಪು. ಗೋಡೆಯ ಮೇಲೂ ಅದೇ ಪಟ್ಟೆಗಳು, ನೂಲು ಹಿಡಿದ ಹಾಗೆ ನೇರ. ಅಲ್ಲಿಂದ ಅಳಿವೆಯ ಕಡೆಗೆ ನಡೆದೆ, ದೋಣಿಮನೆ ಅವರು ಹೇಳಿದ ಹಾಗೆ ಬಲೆಗಳನ್ನು ಸುತ್ತಿ ಹೋದೆ. ದೀಪಸ್ತಂಭದ ಮಿನುಗು ಎಣಿಸಿದೆ, ಮೂರು. ವಾಪಸ್ ಬಂದಾಗ 9.15. ಮೆಟ್ಟಿಲು 8 ಉಳಿದಿದ್ದವು. ಚಿಪ್ಪುಗಳು ಪೂರ್ತಿ ಒಳಗೆ.

ಮರುದಿನ ಬೆಳಗ್ಗೆ 6.30ಕ್ಕೆ ಹೋದರೆ ಮತ್ತೆ 15. ತೆರೆ ಅವರು ಹೇಳಿದ ಹಾಗೇ ನಡೆದದ್ದು ನೋಡಿ ಮೈ ಜುಮ್ಮೆಂದಿತು.

ಮಧ್ಯಾಹ್ನ ಊಟದ ಬಿಡುವಿನಲ್ಲಿ ಜೊತೆಯವರಿಗೆ ಹೇಳಿ ಓಡಿದೆ. 12.45. ಬಿಸಿಲು ಜೋರಾಗಿತ್ತು, ಕಡಲಗಾಳಿ ಅದಕ್ಕಿಂತ ಜೋರು. ಒಂದೇ ಒಂದು ಮೆಟ್ಟಿಲು ಕಾಣುತ್ತಿತ್ತು. ಯಾರೋ ಒಬ್ಬರು ದಕ್ಕೆಯ ಅಂಚಿನಲ್ಲಿ ಕೂತು ಕಾಲನ್ನು ನೀರಿಗೆ ಇಳಿಬಿಟ್ಟಿದ್ದರು. ಬೆಳಗ್ಗೆ ಅದೇ ಜಾಗದಲ್ಲಿ ಬಗ್ಗಿ ನೋಡಿದಾಗ ಎಲ್ಲೋ ಕೆಳಗೆ ಇದ್ದ ದೋಣಿಗಳು ಈಗ ರಸ್ತೆಯ ಮಟ್ಟಕ್ಕೆ ಬಂದು, ಅವುಗಳ ಬಣ್ಣ, ಬರೆದ ಹೆಸರು ಎಲ್ಲ ಕಣ್ಣಿಗೆ ನೇರ ಇದ್ದವು. ನಿಂತದ್ದು 10 ನಿಮಿಷ ಮಾತ್ರ.

ಗಂಟುಮೂಟೆ

ಮುಂದಿನ ವಾರ ನಾನೂ ಅದೇ ಊರಿಗೆ ಹೋಗುತ್ತಿದ್ದೇನೆ, ಅಷ್ಟಮಿಯ ಹೊತ್ತಿಗೆ. ತೆರೆ ಅವರೇ, ಆಗ ವ್ಯತ್ಯಾಸ ಕಾಣುತ್ತದಾ?

ತೆರೆ

ಕಾಣುತ್ತದೆ, ಆದರೆ ಕಡಿಮೆ. ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ವಾರಕ್ಕೆ ಆರು ಗಂಟೆ. ಮುಸ್ಸಂಜೆ ಅವರಿಗೆ ಮಧ್ಯಾಹ್ನ ಸಿಕ್ಕ ನೀರು ನಿಮಗೆ ಸಂಜೆ ಸಿಗುತ್ತದೆ. ನಿಖರ ಹೊತ್ತಿಗೆ ಪಟ್ಟಿ ನೋಡಿ. ಕೆಳಗಿನ ಚಿಪ್ಪು ಎಷ್ಟು ಹೊರಗೆ ಬರುತ್ತದೆ ಎಂದು ಬೆಳಕಿರುವ ಇಳಿತದಲ್ಲಿ ನೋಡಿ, ಮೇಲಿನ ಕಪ್ಪು ಪಟ್ಟೆಗೆ ನೀರು ಮುಟ್ಟುತ್ತದಾ ಎಂದು ಉಬ್ಬರದಲ್ಲಿ ನೋಡಿ. ಮೆಟ್ಟಿಲು ಎಣಿಸಿ ಇಲ್ಲೇ ಬರೆಯಿರಿ.

ಗಂಟುಮೂಟೆ

ಆಯಿತು. ಕೋಟೆಯನ್ನೂ ನೋಡುತ್ತೇನೆ, ಮೆಟ್ಟಿಲನ್ನೂ ಎಣಿಸುತ್ತೇನೆ. ಮುಸ್ಸಂಜೆ ಅವರೇ, ಆ ಮೆಟ್ಟಿಲು ದೀಪಸ್ತಂಭದ ಯಾವ ಕಡೆ?

ಮುಸ್ಸಂಜೆ

ದೀಪಸ್ತಂಭಕ್ಕೆ ಬೆನ್ನು ಹಾಕಿ ಊರ ಕಡೆ ನಡೆಯಿರಿ. ಎಡಕ್ಕೆ ಉದ್ದನೆ ಗೋದಾಮು, ಅದು ಮುಗಿದ ಕೂಡಲೇ ಬಲಕ್ಕೆ ಮೆಟ್ಟಿಲು. ಮೇಲಿನ ಮೆಟ್ಟಿಲ ಪಕ್ಕ ಒಂದು ಕಬ್ಬಿಣದ ಗೂಟ ಇದೆ. ಅದರ ಕುತ್ತಿಗೆ ಮುಟ್ಟಿ ನೋಡಿ.